ಅಜ್ಜನ ಹೆಜ್ಜೆ, ಮೊಮ್ಮಗುವಿನ ಹೆಜ್ಜೆ

ಚಿಕ್ಕಮಗಳೂರಿನ ಉತ್ತರಕ್ಕೆ ಕುದುರೆಯ ಲಾಳದಂತೆ ಬಾಗಿ ನಿಂತಿರುವ ಗಿರಿಶ್ರೇಣಿಗೆ ಚಂದ್ರದ್ರೋಣ ಪರ್ವತವೆಂದು ಹೆಸರು. ಬಾಬಾಬುಡನ್ ಗಿರಿಶ್ರೇಣಿ ಎಂತಲೂ ಅದನ್ನು ಕರೆಯುವುದುಂಟು. ಈ ಶ್ರೇಣಿಯಲ್ಲಿರುವ ಮುಳ್ಳಯ್ಯನಗಿರಿಯು ಕರ್ನಾಟಕದ ಅತ್ಯುನ್ನತ ಶಿಖರ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1,930 ಮೀಟರುಗಳು. ಶಿಖರವನ್ನು ತಲುಪುವುದಕ್ಕೆ ಎರಡು ಮಾರ್ಗಗಳಿವೆ. ಒಂದು, ವಾಹನಗಳು ಹೋಗುವ ರಸ್ತೆ. ಅದು ಮುಗಿದಲ್ಲಿಂದ ಕೆಲವು ನೂರು ಮೆಟ್ಟಿಲುಗಳನ್ನು ಹತ್ತಿದರೆ ಶಿಖರದ ಗುಡಿ ಸಿಗುತ್ತದೆ. ಇನ್ನೊಂದು, ಸರ್ಪದಾರಿ ಎಂಬಲ್ಲಿಂದ ಹುಲ್ಲಿನ ಇಳಿಜಾರುಗಳ ನಡುವೆ ಬಳುಕುತ್ತ ಏರುವ ಕಾಲುದಾರಿ. ರಸ್ತೆಯಲ್ಲಿ ಹೋದವರು ಬೇಗ ತಲುಪುತ್ತಾರೆ, ಬೇಗ ಹಿಂದಿರುಗುತ್ತಾರೆ. ಕಾಲುದಾರಿಯಲ್ಲಿ ಹೋದವರಿಗೆ ಹೊತ್ತು ಬೇಕು, ತಾಳ್ಮೆ ಬೇಕು, ಜೊತೆಗಾರರೂ ಬೇಕು.

ಇಂತಹ ದಾರಿಗೆ ತಕ್ಕ ಜೊತೆಗಾರರು ಯಾರು? ದೃಢಕಾಯರಾದ ತರುಣರು ಎಂದು ಯಾರಾದರೂ ಉತ್ತರಿಸಬಹುದು. ಬೆಟ್ಟದ ತುದಿಯನ್ನು ಮುಟ್ಟುವುದಷ್ಟೇ ಗುರಿಯಾಗಿದ್ದರೆ ಆ ಉತ್ತರ ಸರಿಯೇ. ಆದರೆ ಬೆಟ್ಟವನ್ನು ಕಾಣುವುದು ಗುರಿಯಾಗಿದ್ದರೆ ಅಜ್ಜ ಮತ್ತು ಮೊಮ್ಮಗುವಿಗಿಂತ ಉತ್ತಮವಾದ ಜೋಡಿ ದೊರೆಯುವುದು ಕಷ್ಟ. ಮಧ್ಯವಯಸ್ಸಿನ ಮನುಷ್ಯನು ಮನೆಯಿಂದ ಹೊರಟಾಗಲೇ ಹಿಂದಿರುಗುವ ಹೊತ್ತನ್ನು ಲೆಕ್ಕಹಾಕಿರುತ್ತಾನೆ. ಅಜ್ಜನಿಗೆ ಆ ಅವಸರ ಕಳೆದುಹೋಗಿದೆ. ಮೊಮ್ಮಗುವಿಗೆ ಅದು ಇನ್ನೂ ಬಂದಿಲ್ಲ. ಅಜ್ಜನು ಉಸಿರು ತಿರುಗಿಸಿಕೊಳ್ಳಲೆಂದು ಒಂದು ಬಂಡೆಯ ಮೇಲೆ ಕುಳಿತುಕೊಳ್ಳುತ್ತಾನೆ. ಅದೇ ಬಂಡೆಯ ಬುಡದಲ್ಲಿ ಸಗಣಿಯ ಉಂಡೆಯನ್ನು ಹಿಂಗಾಲುಗಳಿಂದ ಉರುಳಿಸುತ್ತಿರುವ ಹುಳುವನ್ನು ಮಗು ಕಾಣುತ್ತದೆ. ಒಬ್ಬರ ದಣಿವು, ಇನ್ನೊಬ್ಬರ ಕುತೂಹಲ ಇವೆರಡೂ ಒಂದೇ ಸ್ಥಳದಲ್ಲಿ ನಿಲ್ಲುತ್ತವೆ. ಹೀಗೆ ನಿಂತಾಗಲೇ ನೋಟ ಆರಂಭವಾಗುತ್ತದೆ.

ಕಾಲ್ನಡಿಗೆಯನ್ನು ಹವ್ಯಾಸವಾಗಿ ಕೈಗೊಂಡು ಅದಕ್ಕೆ ಚಾರಣವೆಂಬ ಹೆಸರಿಡುವುದಕ್ಕೆ ಎಷ್ಟೋ ಮೊದಲೇ ಮಲೆನಾಡಿನ ಅಜ್ಜಿಯರು ತಮ್ಮ ಮೊಮ್ಮಕ್ಕಳನ್ನು ಕಾಡಿನ ಅಂಚಿಗೆ ಕರೆದೊಯ್ಯುತ್ತಿದ್ದರು. ಸೊಪ್ಪು ಕೊಯ್ಯುವುದು, ಕಳಲೆ ತರುವುದು, ಸೀಗೆ ಆರಿಸುವುದು ಇವು ಅವರ ನಿತ್ಯದ ಕೆಲಸಗಳು. ಆ ಕೆಲಸಗಳ ನಡುವೆಯೇ ಪಾಠವೂ ನಡೆಯುತ್ತಿತ್ತು. ನೀರಿನ ಪಸೆಯಿರುವಲ್ಲಿ ಒಂದೆಲಗ ಬೆಳೆಯುತ್ತದೆ ಎಂಬುದನ್ನೂ, ಅಂಟುವಾಳದ ಕಾಯಿಯನ್ನು ನೀರಿನಲ್ಲಿ ತಿಕ್ಕಿದರೆ ನೊರೆ ಬರುತ್ತದೆ ಎಂಬುದನ್ನೂ ಮಕ್ಕಳು ಕೈಯಿಂದ ಮುಟ್ಟಿ ತಿಳಿಯುತ್ತಿದ್ದರು. ಪತ್ರೊಡೆಗೆ ಬಳಸುವ ಕೆಸುವಿನ ಎಲೆ ಗಂಟಲನ್ನು ತುರಿಸುತ್ತದೆ, ಆದುದರಿಂದ ಅದರೊಡನೆ ಹುಣಿಸೆಹುಳಿ ಸೇರಿಸಬೇಕು ಎಂಬುದು ಅಜ್ಜಿಗೆ ಗೊತ್ತಿತ್ತು. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳೇ ಆ ತುರಿಕೆಗೆ ಕಾರಣವೆಂದು ರಸಾಯನಶಾಸ್ತ್ರವು ಹೇಳುತ್ತದೆ. ಅಜ್ಜಿಗೆ ಹರಳಿನ ಹೆಸರು ತಿಳಿದಿರಲಿಲ್ಲ, ಪರಿಹಾರ ತಿಳಿದಿತ್ತು.

ಇಂತಹ ತಿಳಿವಳಿಕೆಗೆ ಒಂದು ದೌರ್ಬಲ್ಯವಿದೆ. ಅದರ ಬಹುಪಾಲು ಯಾವ ಗ್ರಂಥದಲ್ಲಿಯೂ ಬರೆಯಲ್ಪಟ್ಟಿಲ್ಲ. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಒಬ್ಬರ ಬೆರಳಿನಿಂದ ಇನ್ನೊಬ್ಬರ ಕಣ್ಣಿಗೆ ದಾಟಬೇಕು. ನಡುವೆ ಒಂದು ತಲೆಮಾರು ತಪ್ಪಿದರೂ ಸರಪಳಿಯ ಕೊಂಡಿ ಕಳಚಿಬೀಳುತ್ತದೆ. ಗಿಡ ಅಲ್ಲಿಯೇ ಇರುತ್ತದೆ, ಆದರೆ ಅದನ್ನು ಹೆಸರು ಹಿಡಿದು ಕರೆಯುವವರು ಇರುವುದಿಲ್ಲ. ಹೆಸರಿಲ್ಲದ ಗಿಡ ಕಡಿದುಹೋದರೆ ಮರುಗುವವರೂ ಇರುವುದಿಲ್ಲ.

ಹಾಗೆಂದು ಮೊಮ್ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಹಿರಿಯರು ಸಸ್ಯಶಾಸ್ತ್ರದ ಪಂಡಿತರಾಗಿರಬೇಕೆಂಬ ನಿಯಮವೇನೂ ಇಲ್ಲ. ಈ ವಿಷಯದಲ್ಲಿ ಅಮೆರಿಕದ ಜೀವವಿಜ್ಞಾನಿ ರೇಚೆಲ್ ಕಾರ್ಸನ್ ಅವರ ನಿದರ್ಶನವು ಸ್ಮರಣೀಯವಾಗಿದೆ. ಕೀಟನಾಶಕಗಳ ಅಪಾಯವನ್ನು ಲೋಕಕ್ಕೆ ತಿಳಿಸಿದ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಕೃತಿಯನ್ನು 1962ರಲ್ಲಿ ಪ್ರಕಟಿಸಿ ಅವರು ಖ್ಯಾತರಾದರು. ಅದಕ್ಕೂ ಮುಂಚೆ, 1956ರಲ್ಲಿ, ತಮ್ಮ ಅಕ್ಕನ ಮೊಮ್ಮಗನೊಡನೆ ಮೇಯ್ನ್ ಪ್ರಾಂತದ ಕಡಲತೀರದಲ್ಲಿಯೂ ಕಾಡಿನಲ್ಲಿಯೂ ಅಲೆದಾಡಿದ ಅನುಭವವನ್ನು ಒಂದು ಪ್ರಬಂಧವಾಗಿ ಬರೆದಿದ್ದರು. ಆ ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಳೆಯ ಒಂದು ಕತ್ತಲ ರಾತ್ರಿಯಲ್ಲಿ ಅವರು ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಮೊರೆಯುವ ಅಲೆಗಳನ್ನು ತೋರಿಸಲು ತೀರಕ್ಕೆ ಒಯ್ದರು. ಮುಂದೆ ಇಬ್ಬರೂ ಕಾಡಿನಲ್ಲಿ ನಡೆಯುವಾಗ ಕಾರ್ಸನ್ ಅವರು ಹೆಸರುಗಳನ್ನು ಕಂಠಪಾಠ ಮಾಡಿಸಲಿಲ್ಲ. ಕಂಡದ್ದನ್ನು ಕಂಡು ಸಂತೋಷಪಟ್ಟರು. ಆ ಸಂತೋಷದ ಬೆನ್ನಿಗೆ ಹೆಸರುಗಳು ಮಗುವಿನ ಮನಸ್ಸಿನಲ್ಲಿ ತಾವಾಗಿಯೇ ನೆಲೆಸಿದವು. ಮಗುವಿನ ಜೊತೆಯಲ್ಲಿ ಬೆರಗುಪಡಬಲ್ಲ ಒಬ್ಬ ಹಿರಿಯರಿದ್ದರೆ ಸಾಕು ಎಂಬುದು ಅವರ ಪ್ರಬಂಧದ ತಿರುಳು. 1964ರಲ್ಲಿ ಅವರು ತೀರಿಕೊಂಡ ತರುವಾಯ, 1965ರಲ್ಲಿ, ಆ ಪ್ರಬಂಧವು ‘ದಿ ಸೆನ್ಸ್ ಆಫ್ ವಂಡರ್’ ಎಂಬ ಪುಸ್ತಕವಾಗಿ ಹೊರಬಂದಿತು.

ಈಗ ಪುನಃ ಮುಳ್ಳಯ್ಯನಗಿರಿಯ ಕಾಲುದಾರಿಗೆ ಬರೋಣ. ಅಲ್ಲಿ ಬೆರಗಿಗೆ ಕಾರಣಗಳು ಹೆಜ್ಜೆಹೆಜ್ಜೆಗೂ ಇವೆ. ಚಿಕ್ಕಮಗಳೂರು ಪಟ್ಟಣವು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಒಂದು ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದುದರಿಂದ ಪಟ್ಟಣದಲ್ಲಿ ಹಿತವಾದ ಬಿಸಿಲಿದ್ದಾಗಲೂ ಶಿಖರದಲ್ಲಿ ಐದು ಡಿಗ್ರಿಗಳಷ್ಟು ಹೆಚ್ಚು ತಂಪಿರುವುದು ಸಹಜ. ತರಗತಿಯಲ್ಲಿ ಓದಿದ ಈ ಪಾಠವನ್ನು ಮಗುವಿನ ಕಿವಿಯ ತುದಿ ಒಂದೇ ಬೆಳಗಿನಲ್ಲಿ ಕಲಿತುಕೊಳ್ಳುತ್ತದೆ.

ಬೆಟ್ಟದ ಮೈಯೂ ವಿಚಿತ್ರವಾಗಿದೆ. ಏಣುಗಳ ಮೇಲೆಲ್ಲ ಹುಲ್ಲು. ಎರಡು ಏಣುಗಳ ನಡುವಣ ಮಡಿಕೆಗಳಲ್ಲಿ ಮಾತ್ರ ಕುಳ್ಳಾದ, ದಟ್ಟವಾದ ಕಾಡು. ಈ ಕಾಡಿಗೆ ಶೋಲಾ ಎಂದು ಹೆಸರು. ಏಣಿನ ಮೇಲೆ ಮಣ್ಣು ತೆಳುವಾಗಿದೆ, ಗಾಳಿಯ ಹೊಡೆತ ಬಲವಾಗಿದೆ. ಮಡಿಕೆಯಲ್ಲಿ ಮಣ್ಣು ಆಳವಾಗಿದೆ, ತೇವವೂ ಮರೆಯೂ ಇವೆ. ಮಳೆಗಾಲದಲ್ಲಿ ಸುರಿದ ನೀರನ್ನು ಹುಲ್ಲೂ ಶೋಲೆಯೂ ಸೇರಿ ಹಿಡಿದಿಟ್ಟುಕೊಂಡು ಮಳೆ ನಿಂತ ಮೇಲೆಯೂ ಸಣ್ಣ ಝರಿಗಳಾಗಿ ಹೊರಬಿಡುತ್ತವೆ. ಚಂದ್ರದ್ರೋಣದ ಪೂರ್ವದ ಮಗ್ಗುಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಸಮೀಪ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಲ್ಲಿ ಆ ನೀರು ತಂಗುತ್ತದೆ. ಮಳೆ ವಿರಳವಾದ ಬಯಲುಸೀಮೆಯ ಹೊಲವೊಂದು ಎಲ್ಲಿಯೋ ದೂರದ ಈ ಹುಲ್ಲಿನ ಬುಡವನ್ನು ನಂಬಿಕೊಂಡಿದೆ. ಝರಿಯ ಬಳಿ ಕುಳಿತು ಬುತ್ತಿ ಬಿಚ್ಚುವ ಅಜ್ಜನು ಮೊಮ್ಮಕ್ಕಳಿಗೆ ಇದನ್ನು ಹೇಳಿದರೆ, ಭೂಪಟದ ಮೇಲಿನ ನೀಲಿ ಗೆರೆ ಅವರ ಅಂಗೈಯಲ್ಲಿ ತಣ್ಣಗೆ ಹರಿಯುತ್ತದೆ.

ಪ್ರೀತಿಯೊಡನೆ ವಿವೇಕವೂ ಇರಬೇಕು. ನಡಿಗೆಗೆ ಬೇಕಾಗುವ ಕಾಲವನ್ನು ಎಣಿಸುವುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಸುಮಾರು ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ. ಏರುವ ಪ್ರತಿ ಆರುನೂರು ಮೀಟರಿಗೆ ಇನ್ನೊಂದು ಗಂಟೆ. ಐದು ಕಿಲೋಮೀಟರ್ ದೂರದ, ಆರುನೂರು ಮೀಟರ್ ಏರುವ ದಾರಿಗೆ ಎರಡು ಗಂಟೆಯೆಂದಾಯಿತು. ಇದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಅಜ್ಜ ಮೊಮ್ಮಕ್ಕಳ ತಂಡಕ್ಕೆ ಅದರ ಎರಡು ಪಟ್ಟನ್ನು ಇಟ್ಟುಕೊಂಡು, ಬೆಳಗಿನ ತಂಪಿನಲ್ಲಿಯೇ ಹೊರಡುವುದು ಕ್ಷೇಮ.

ನೀರಿನ ವಿಷಯದಲ್ಲಿ ಇಬ್ಬರಿಗೂ ಎಚ್ಚರ ಬೇಕು. ಮಗುವು ಆಟದ ಭರದಲ್ಲಿ ಬಾಯಾರಿಕೆಯನ್ನು ಮರೆಯುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ಅಜ್ಜನ ದೇಹವು ಸಕಾಲದಲ್ಲಿ ನೀರನ್ನು ಕೇಳುವುದಿಲ್ಲ. ಆದುದರಿಂದ ಬಾಯಾರಿಕೆಗಾಗಿ ಕಾಯದೆ, ಹೊತ್ತು ನೋಡಿ ಗುಟುಕು ಗುಟುಕಾಗಿ ಕುಡಿಯಬೇಕು. ಮೊಮ್ಮಗು ಅಜ್ಜನಿಗೆ ನೆನಪು ಮಾಡಲಿ, ಅಜ್ಜನು ಮೊಮ್ಮಗುವಿಗೆ ನೆನಪು ಮಾಡಲಿ. ಏರುವಾಗ ಉಸಿರು ದಣಿಯುತ್ತದೆ. ಇಳಿಯುವಾಗ ಮಂಡಿ ದಣಿಯುತ್ತದೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಯಲ್ಲಿಯೂ ದೇಹದ ಭಾರವನ್ನು ತಡೆದು ನಿಲ್ಲಿಸುವ ಕೆಲಸ ಮಂಡಿಯ ಪಾಲಿಗೆ ಬರುತ್ತದೆ. ಕೈಯಲ್ಲೊಂದು ಊರುಗೋಲಿದ್ದರೆ ಆ ಭಾರದ ಒಂದಂಶವನ್ನು ಅದು ಹೊರುತ್ತದೆ. ಬಯಲಾದ ಏಣಿನ ಮೇಲೆ ಗುಡುಗು ಕೇಳಿಸಿದರೆ ಶಿಖರದ ಆಸೆಯನ್ನು ಬಿಟ್ಟು ಕೂಡಲೇ ಕೆಳಗಿಳಿಯಬೇಕು. ಒಂಟಿಮರದ ಕೆಳಗೆ ನಿಲ್ಲಲಾಗದು. ಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಮಳೆಗಾಲದ ಮಲೆನಾಡಿನಲ್ಲಿ ಇಂಬಳಗಳ ಕಾಟವುಂಟು. ಕಾಲಿಗೆ ಹತ್ತಿದ ಇಂಬಳವನ್ನು ಕಂಡು ಮಗು ಚೀರುವುದು ಸ್ವಾಭಾವಿಕ. ಆಗ ಹಿರಿಯರು ತಾವೂ ಗಾಬರಿಗೊಂಡರೆ ಮಗುವಿನ ಮನಸ್ಸಿನಲ್ಲಿ ಕಾಡೆಂದರೆ ಭಯವೇ ಉಳಿಯುತ್ತದೆ. ಹಾಗಲ್ಲದೆ ಅದನ್ನು ನಿಧಾನವಾಗಿ ಬಿಡಿಸಿ, ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಒಸರಿಸುತ್ತದೆ, ಆದಕಾರಣ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ ಎಂದು ತಿಳಿಹೇಳಿದರೆ, ಚೀರಿದ ಮಗುವೇ ಮುಂದಿನ ಇಂಬಳವನ್ನು ಬಾಗಿ ನೋಡುತ್ತದೆ. ಭಯವು ಹೀಗೆಯೇ ಅರಿವಾಗಿ ಮಾರ್ಪಡುತ್ತದೆ.

ಕಲಿಸಬೇಕಾದುದು ಇನ್ನೊಂದಿದೆ. ತಂದ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಮರಳಿ ತರುವುದು, ಹೂವನ್ನು ಗಿಡದಲ್ಲಿಯೇ ಬಿಡುವುದು, ಗದ್ದಲ ಮಾಡದೆ ನಡೆಯುವುದು ಇವು ಕಾಡಿನ ಸಭ್ಯತೆಗಳು. ಇವನ್ನು ಉಪದೇಶದಿಂದ ಹೇಳಿದರೆ ಮಕ್ಕಳು ಬೇಗ ಮರೆಯುತ್ತಾರೆ. ಬೇರೆಯವರು ಎಸೆದ ಬಾಟಲಿಯನ್ನು ಅಜ್ಜನು ಸದ್ದಿಲ್ಲದೆ ಬಾಗಿ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡುದನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ. ಗದ್ದಲವಿಲ್ಲದ ದಾರಿಯಲ್ಲಿ ಕಾಜಾಣ, ಪಿಕಳಾರಗಳ ದನಿಯನ್ನು ಬೇರೆಬೇರೆಯಾಗಿ ಗುರುತಿಸುವುದನ್ನೂ ಅದು ಕಲಿಯುತ್ತದೆ. ವಯಸ್ಸಾದ ಅಜ್ಜನ ಕಿವಿಗೆ ಅತಿ ಸಣ್ಣ ಸ್ವರಗಳು ಕೇಳಿಸದಿರಬಹುದು. ಆಗ ಮೊಮ್ಮಗುವೇ ಅಜ್ಜನ ಕಿವಿಯಾಗುತ್ತದೆ. ಹಕ್ಕಿ ಕೂಗಿತೆಂದು ಮಗು ಹೇಳುತ್ತದೆ. ಯಾವ ಹಕ್ಕಿಯೆಂದು ಅಜ್ಜ ಹೇಳುತ್ತಾನೆ.

ಎಲ್ಲರ ಊರಿನಲ್ಲಿಯೂ ಮುಳ್ಳಯ್ಯನಗಿರಿ ಇರುವುದಿಲ್ಲ; ಎಲ್ಲ ಅಜ್ಜಂದಿರಿಗೂ ಅದನ್ನು ಏರುವ ಶಕ್ತಿಯೂ ಇರುವುದಿಲ್ಲ. ಊರ ಹೊರಗಿನ ಕಲ್ಲುಗುಡ್ಡ, ಕೆರೆಯ ಏರಿ, ಹೊಲದ ಬದು, ಮಾವಿನ ತೋಪು ಇವೂ ಸಾಕು. ದೂರ ಮುಖ್ಯವಲ್ಲ, ಎತ್ತರವೂ ಮುಖ್ಯವಲ್ಲ. ಒಂದೇ ದಾರಿಯನ್ನು ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ನಡೆದವರಿಗೆ ಅದು ಮೂರು ದಾರಿಗಳಾಗಿ ತೋರುತ್ತದೆ.

ಆದರೆ ಈ ನಡಿಗೆಯನ್ನು ನಾಳೆಗೆಂದು ಮುಂದೂಡುತ್ತ ಹೋಗುವುದು ಉಚಿತವಲ್ಲ. ಏಕೆಂಬುದನ್ನು ಪಶ್ಚಿಮಘಟ್ಟದ ಒಂದು ಹೂವೇ ತಿಳಿಸುತ್ತದೆ. ಅಲ್ಲಿನ ಹುಲ್ಲಿನ ಇಳಿಜಾರುಗಳಲ್ಲಿ ಕುರಿಂಜಿ ಜಾತಿಯ ಹಲವು ಬಗೆಯ ಗಿಡಗಳು ಬೆಳೆಯುತ್ತವೆ. ಅವುಗಳಲ್ಲಿ ನೀಲಕುರಿಂಜಿಯು ಹನ್ನೆರಡು ವರ್ಷಗಳಿಗೊಮ್ಮೆ ಮಾತ್ರ ಹೂ ಬಿಡುತ್ತದೆ. ಒಂದು ಪ್ರದೇಶದ ಗಿಡಗಳೆಲ್ಲ ಒಂದೇ ಕಾಲದಲ್ಲಿ ಅರಳುವುದರಿಂದ ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗಿ ಕಾಣುತ್ತದೆ. ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಅದು 2006ರಲ್ಲಿಯೂ 2018ರಲ್ಲಿಯೂ ಹೀಗೆ ಅರಳಿತು. ಚಂದ್ರದ್ರೋಣದ ಇಳಿಜಾರುಗಳು 2022ರಲ್ಲಿ ಕುರಿಂಜಿಯ ನೀಲಿಯನ್ನು ಹೊದ್ದಿದ್ದವು. ಹೂ ಬಿಟ್ಟು ಬೀಜ ಕಟ್ಟಿದ ಗಿಡವು ಅಲ್ಲಿಗೆ ಒಣಗಿಹೋಗುತ್ತದೆ. ಉದುರಿದ ಬೀಜದಿಂದ ಮೊಳೆತ ಸಸಿಗಳು ಮುಂದಿನ ಹನ್ನೆರಡು ವರ್ಷಗಳ ಕಾಲ ಹೂವಿಲ್ಲದೆ ಬೆಳೆಯುತ್ತವೆ.

ಅರುವತ್ತಾರು ವರ್ಷದ ಅಜ್ಜನೊಬ್ಬನು ಆರು ವರ್ಷದ ಮೊಮ್ಮಗಳ ಕೈಹಿಡಿದು ಆ ಹೂವನ್ನು ತೋರಿಸಿದನೆಂದು ಭಾವಿಸಬಹುದು. ಮುಂದಿನ ಬಾರಿ ಅದು ಅರಳುವಾಗ ಮೊಮ್ಮಗಳಿಗೆ ಹದಿನೆಂಟು, ಅಜ್ಜನಿಗೆ ಎಪ್ಪತ್ತೆಂಟು. ಆಗ ಚೀಲವನ್ನು ಹೊರುವವಳು ಅವಳು. ತಿರುವಿನಲ್ಲಿ ನಿಂತು ಕಾಯುವವಳೂ ಅವಳೇ. ಅದರ ಮುಂದಿನ ಬಾರಿಗೆ ಮೂವತ್ತು ವರ್ಷದ ಅವಳು ಬಹುಶಃ ಅಜ್ಜನಿಲ್ಲದೆ ಬೆಟ್ಟವನ್ನು ಏರಬೇಕಾಗುತ್ತದೆ. ಒಂದು ಹೂವನ್ನು ಅಜ್ಜ ಮೊಮ್ಮಗಳು ಕೂಡಿ ನೋಡುವ ಅವಕಾಶ ಇಡೀ ಬಾಳಿನಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ. ನಿತ್ಯವೂ ಅರಳುವ ಹೂಗಳ ವಿಷಯದಲ್ಲಿಯೂ ಈ ಲೆಕ್ಕ ಸುಳ್ಳಲ್ಲ. ಅಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಈ ಲೆಕ್ಕವನ್ನು ಇನ್ನೂ ಮುಂದುವರಿಸಬಹುದು. ಆ ಹುಡುಗಿ ಮೊದಲು ಕಂಡ ಹೂವಿನ ತರುವಾಯ ಐದನೆಯ ಬಾರಿ ಕುರಿಂಜಿ ಅರಳುವಾಗ ಅವಳಿಗೂ ಅರುವತ್ತಾರು ವರ್ಷ. ಬೆಟ್ಟದ ಮೇಲಿರುವುದು ಅವಳು ಬಾಲ್ಯದಲ್ಲಿ ಕಂಡ ಗಿಡವಲ್ಲ. ಅದರ ಬೀಜದ ಬೀಜದಿಂದ ಬಂದ ಗಿಡ. ಅವಳ ಪಕ್ಕದಲ್ಲಿ ಆರು ವರ್ಷದ ಒಂದು ಮಗು ನಿಂತು ಹೂವಿನ ಹೆಸರೇನೆಂದು ಕೇಳಿದರೆ ಅವಳಿಗೆ ಉತ್ತರ ತಿಳಿದಿರುತ್ತದೆ. ಅರುವತ್ತು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅಜ್ಜನು ದಣಿವಾರಿಸಿಕೊಳ್ಳಲು ಅದೇ ದಾರಿಯಲ್ಲಿ ಒಂದು ಬಂಡೆಯ ಮೇಲೆ ಕುಳಿತಿದ್ದನಷ್ಟೆ.